ಕಂಠದ ಸೊನ್ನೆ

ಅಡಿವೆಪ್ಪಣ್ಣನ ದನಿ ನಿಂತದ್ದು ಪಲ್ಯದ ಉಪ್ಪಿನ ಬಗ್ಗೆ ಹೆಂಡತಿಯನ್ನು ಕೆಣಕುತ್ತಿದ್ದಾಗ. “ಏ ಕಸ್ತೂರಿ, ಬದನಿಕಾಯಿ ಪಲ್ಯಾಕ ಉಪ್...” ಎನ್ನುವಷ್ಟರಲ್ಲಿ ಮಾತು ತುಂಡಾಯಿತು. ಬಾಯಿ ಮಾತ್ರ ಆಡುತ್ತಲೇ ಇತ್ತು. ಇದೂ ಅವನ ಚೇಷ್ಟೆಯೇ ಇರಬೇಕೆಂದು ಕಸ್ತೂರಕ್ಕ ಉಪ್ಪಿನ ಡಬ್ಬಿಯನ್ನೇ ತಂದು ತಾಟಿನ ಮುಂದೆ ಕುಕ್ಕಿದಳು. “ತಗೋರಿ, ಎಷ್ಟು ಬೇಕಷ್ಟು ಸುರಕೋರಿ” ಎಂದಳು. ನಾನೂ ನಕ್ಕೆ. ಅವರ ಮನೆಯ ಮಾಳಿಗೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ನಾನು ರವಿವಾರದ ಊಟವನ್ನು ಅವರಲ್ಲೇ ಮಾಡುತ್ತಿದ್ದೆ. ಅಡಿವೆಪ್ಪಣ್ಣ ನಗಲಿಲ್ಲ. ಎರಡು ಬೆರಳಿನಿಂದ ಗಂಟಲನ್ನು ತಟ್ಟಿಕೊಂಡು ನಮ್ಮಿಬ್ಬರ ಮುಖ ನೋಡಿದ.

ಅದೇ ಹೊತ್ತಿಗೆ ಕೊಪ್ಪಳದಲ್ಲಿ ಒಬ್ಬ ಮಾಸ್ತರರು ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುತ್ತ ಅರ್ಧಕ್ಕೆ ನಿಂತರಂತೆ. ಹಾನಗಲ್ಲಿನಲ್ಲಿ ಒಬ್ಬ ಅಜ್ಜಿ ಫೋನಿನಲ್ಲಿ ಬೀಗಿತ್ತಿಯೊಡನೆ ಜಗಳವಾಡುತ್ತ ನಿಂತಳಂತೆ. ಬೀಗಿತ್ತಿ ತಾನೇ ಗೆದ್ದೆ ಎಂದುಕೊಂಡಳಂತೆ. ಇವರೆಲ್ಲರ ಗಂಟಲಲ್ಲೂ ಒಂದೇ ಕಂಪನಿಯ ಬಿಲ್ಲೆ ಇತ್ತು.

ಬಿಲ್ಲೆ ಎನ್ನುವುದು ನಮ್ಮ ಕಡೆ ಬಿದ್ದ ಹೆಸರು. ಕ್ಯಾನ್ಸರಿಗೆಂದು ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದರೂ ಮಿದುಳಿನಿಂದ ಗಂಟಲಿಗೆ ಇಳಿಯುವ ನರ ಉಳಿದಿರುತ್ತದೆ. ಮಾತಾಡಬೇಕೆನಿಸಿದಾಗ ಆ ನರ ಪಾಪ, ಪೆಟ್ಟಿಗೆ ಇಲ್ಲದಿದ್ದರೂ ಅಪ್ಪಣೆ ಕೊಡುತ್ತಲೇ ಇರುತ್ತದೆ. ಬೆರಳುಗುರಿನಷ್ಟು ದೊಡ್ಡ ಬಿಲ್ಲೆ ಆ ನರವನ್ನು ಕರೆಂಟಿನಿಂದ ಮೆಲ್ಲಗೆ ತಟ್ಟಿ ತಟ್ಟಿ, ಅದು ಹೇಳಿದ್ದನ್ನು ಕೇಳಿ, ಒಂದು ಪೊರೆಯನ್ನು ನಡುಗಿಸಿ ದನಿ ಮಾಡುತ್ತದೆ. ಹಳೆಯ ರೆಕಾರ್ಡಿಂಗುಗಳಿದ್ದರೆ ಅದೇ ಮನುಷ್ಯನ ದನಿಯನ್ನೇ ಕೊಡುತ್ತದೆ. ಆದರೆ ವರ್ಷಕ್ಕೊಮ್ಮೆ ಅದು ದೂರದೇಶದ ಕಂಪನಿಯ ಕಂಪ್ಯೂಟರನ್ನು ಕೇಳಿ ಪರವಾನಗಿ ಪಡೆಯಬೇಕಿತ್ತು. ಕಂಪನಿ ಮುಳುಗಿತು, ಕಂಪ್ಯೂಟರು ಆರಿತು. ಬಿಲ್ಲೆ ಕೆಟ್ಟಿರಲಿಲ್ಲ, ಅದಕ್ಕೆ ಹೂಂ ಎನ್ನುವವರು ಯಾರೂ ಉಳಿದಿರಲಿಲ್ಲ ಅಷ್ಟೇ.

ಅಡಿವೆಪ್ಪಣ್ಣ ನಿವೃತ್ತನಾಗುವವರೆಗೆ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿದವನು. ಮನೆಯಲ್ಲೂ ಅದೇ ಚಾಳಿ. ಹೆಂಡತಿ ಸ್ನಾನಕ್ಕೆ ಹೋದರೆ, “ಪ್ರಯಾಣಿಕರ ಗಮನಕ್ಕೆ, ಬಚ್ಚಲಕ್ಕ ಹೋದ ಬಸ್ಸು ಇನ್ನೂ ಬಂದಿರುವುದಿಲ್ಲ” ಎಂದು ಕೂಗುವನು. ಈಗ ಆ ಮನೆಯಲ್ಲಿ ಕುಕ್ಕರಿನ ಸೀಟಿಯೇ ದೊಡ್ಡ ಮಾತಾಯಿತು. ಬರೆದದ್ದನ್ನು ಓದಿ ಹೇಳುವ ಸೌಲಭ್ಯ ಫೋನಿನಲ್ಲಿತ್ತು. ಒಂದು ದಿನ ಅಡಿವೆಪ್ಪಣ್ಣ ಅದರಲ್ಲಿ ‘ಚಾ ಮಾಡು’ ಎಂದು ಬರೆದು ಒತ್ತಿದ. ಯಾವುದೋ ಗಂಡಸಿನ ನಯವಾದ ದನಿ “ಚಹಾ ಮಾಡು” ಎಂದಿತು. ಕಸ್ತೂರಕ್ಕ ಸೆರಗು ಸರಿಪಡಿಸಿಕೊಂಡು, “ಬಂದ್ ಮಾಡ್ರಿ ಅದನ್ನ. ಯಾವನೋ ಅಡಗಿಮನಿಗೆ ಬಂದಂಗ ಆಗತೈತಿ” ಎಂದಳು. ಅವನು ಆ ದನಿಯನ್ನು ಮತ್ತೆಂದೂ ಹಚ್ಚಲಿಲ್ಲ, ಹೇಳಬೇಕಾದುದನ್ನು ಬರೆದು ತೋರಿಸತೊಡಗಿದ.

ನಾನು ಕೆಲಸ ಮಾಡುತ್ತಿದ್ದುದು ರೇಹಾನಾ ಕಿಲ್ಲೇದಾರ ಮೇಡಂ ಅವರ ಗುಂಪಿನಲ್ಲಿ. ಗದಗಿನಲ್ಲಿ ಮುಚ್ಚಿಹೋಗಿದ್ದ ಒಂದು ಛಾಪಖಾನೆಯನ್ನು ಬಾಡಿಗೆಗೆ ಹಿಡಿದು, ಕಂಪನಿಗಳು ಕೈಬಿಟ್ಟ ವೈದ್ಯಕೀಯ ಯಂತ್ರಗಳನ್ನು ಅವರು ರಿಪೇರಿ ಮಾಡಿಸುತ್ತಿದ್ದರು. ಮೇಡಂ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು, ಬೈಯುವುದರಲ್ಲಿ ಮಾತ್ರ ಇನ್ನೂ ನಿವೃತ್ತರಾಗಿರಲಿಲ್ಲ. ಅಡಿವೆಪ್ಪಣ್ಣನ ಸುದ್ದಿ ಕೇಳಿದ ಮರುವಾರವೇ ಅವರು ನಿರ್ಧರಿಸಿದರು: ಬಿಲ್ಲೆಯೊಳಗಿನ ಕಂಪನಿಯ ಚಿಪ್ಪಿನ ಬೀಗ ಒಡೆಯುವ ಉಸಾಬರಿ ಬೇಡ, ನಮ್ಮದೇ ಚಿಪ್ಪು ಮಾಡೋಣ. ಯಾರು ಬೇಕಾದರೂ ನೋಡಬಹುದಾದ, ತಿದ್ದಬಹುದಾದ ಚಿಪ್ಪು. ಅದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ.

ಅದಕ್ಕೆ ಬೇಕಾದ ಮುಕ್ತ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತಿದ್ದವು. ಸರ್ಕಿಟ್ಟಿನ ನಕ್ಷೆ ಬರೆಯುವುದಕ್ಕೆ ಒಂದು. ಆ ನಕ್ಷೆಯಂತೆ ಕರೆಂಟು ಹೇಗೆ ಹರಿದೀತು ಎಂದು ಕಂಪ್ಯೂಟರಿನೊಳಗೇ ಓಡಿಸಿ ನೋಡುವುದಕ್ಕೆ ಇನ್ನೊಂದು, ಅದು ಸಿಮ್ಯುಲೇಟರ್. ನಕ್ಷೆಯನ್ನು ಚಿಪ್ಪಿನ ಕಾರ್ಖಾನೆಗೆ ಕಳಿಸುವ ಗೆರೆಗಳಾಗಿ ಮಾಡುವುದಕ್ಕೆ ಮತ್ತೊಂದು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ಪುಣ್ಯಾತ್ಮರು ಬರೆದದ್ದು. ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ.

“ಮೂವರು ನೆಗೆಣ್ಣೇರು ಇದ್ದಂಗ” ಎಂದು ಮೇಡಂ ಹಣೆ ಒತ್ತಿಕೊಂಡರು. “ಒಲಿ ಒಂದ, ಮಾತಿಲ್ಲ ಕಥಿಯಿಲ್ಲ. ನಡುವ ನಾವ ಸುದ್ದಿ ಮುಟ್ಟಿಸಬೇಕು.”

ಸುದ್ದಿ ಮುಟ್ಟಿಸುವ ಪ್ರೋಗ್ರಾಮನ್ನು ಅವರೇ ಬರೆದರು. ಅದಕ್ಕೆ ಸೇತುವೆ ಎಂದು ಹೆಸರಿಟ್ಟೆವು. ಇದರಲ್ಲಿ ಒಂದು ಹೆಚ್ಚಿನ ಕೆಲಸವಿತ್ತು. ನಕ್ಷೆಯಲ್ಲಿ ಪ್ರತಿ ತಂತಿಗೂ ಒಂದು ಹೆಸರಿರುತ್ತದೆ. ಒಂದೇ ಹೆಸರಿನ ತಂತಿಗಳು ಹಾಳೆಯ ಎರಡು ತುದಿಯಲ್ಲಿದ್ದರೂ ಕೂಡಿಕೊಂಡಿವೆ ಎಂದೇ ಲೆಕ್ಕ. ಈ ಹೆಸರುಗಳು ಕನ್ನಡದಲ್ಲೇ ಇರಬೇಕೆಂದು ಮೇಡಂ ಹಟ ಹಿಡಿದಿದ್ದರು. “ನಾಳೆ ಇದನ್ನ ತಾಲೂಕಿನ ಆಸ್ಪತ್ರ್ಯಾಗ ರಿಪೇರಿ ಮಾಡೋ ಹುಡುಗ್ರು ಕನ್ನಡ ಶಾಲಿಯವ್ರು. ತಂತಿ ಹೆಸರು ಓದಿದ ಕೂಡ್ಲೆ ಅವ್ರಿಗೆ ತಿಳೀಬೇಕು” ಎಂದರು. ನಕ್ಷೆಯ ತಂತ್ರಾಂಶಕ್ಕೆ ಕನ್ನಡ ಬರುತ್ತಿತ್ತು. ಸಿಮ್ಯುಲೇಟರು ಹಳೇ ಕಾಲದ್ದು, ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಆದ್ದರಿಂದ ಸೇತುವೆ ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿ ಸಿಮ್ಯುಲೇಟರಿಗೆ ಕೊಡಬೇಕಿತ್ತು.

ಅಷ್ಟು ಹೆಸರುಗಳನ್ನು ಟೈಪು ಮಾಡುವವರು ಯಾರು? ನಮ್ಮ ಬೆರಳುಗಳು ಕನ್ನಡದಲ್ಲಿ ಕುಂಟುತ್ತಿದ್ದವು. ಕಸ್ತೂರಕ್ಕ ತಾನೇ ಬಂದಳು. ಅವಳು ಅದೇ ಛಾಪಖಾನೆಯಲ್ಲಿ, ಅದೇ ಖೋಲಿಯಲ್ಲಿ, ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಚುನಾವಣೆಯ ಕರಪತ್ರ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದವಳು. “ಅರ್ಧ ಗದಗಿನ ಲಗ್ನ ನಾನ ಮಾಡಿಸೀನಿ. ನಿಮ್ಮ ತಂತಿಗೆ ಹೆಸರಿಡೋದು ಎಷ್ಟ್ರದ್ದು?” ಎಂದು ಕುರ್ಚಿ ಎಳೆದು ಕೂತಳು. ಪರದೆ ನೋಡುತ್ತಿದ್ದಳೇ ಹೊರತು ಕೀಲಿಮಣೆಯನ್ನು ನೋಡುತ್ತಿರಲಿಲ್ಲ. ಚಾ ಕುಡಿಯಲೂ ಏಳುತ್ತಿರಲಿಲ್ಲ. ಅವಳಿಗೆ ಗಂಡನ ದನಿ ಬೇಕಿತ್ತು, ಬೇಗ ಬೇಕಿತ್ತು.

ಒಂದು ಸಂಜೆ ನಾನು ಅವಳ ಜೊತೆ ನಡೆದು ಬರುತ್ತಿದ್ದಾಗ, ಹೊಸ ಬಿಲ್ಲೆಗಾಗಿ ಮದುವೆಯ ವೀಡಿಯೋಗಳಿಂದ ಅಡಿವೆಪ್ಪಣ್ಣನ ಮಾತನ್ನು ಹೆಕ್ಕುತ್ತಿರುವುದಾಗಿ ಹೇಳಿದಳು. “ಒಂದರಾಗ ನಮ್ಮಣ್ಣಗ ಬೈಯಾಕತ್ತಾರ. ಅದನ್ನೂ ಹಾಕ್ಲೇನು?” ಎಂದು ಕೇಳಿದಳು. ಹಾಕು ಎಂದೆ. “ಮನಿ ಭಾಳ ದೊಡ್ಡದಾಗೈತಿ ಫಕೀರೇಶ” ಎಂದಳು ಆಮೇಲೆ. ಅದು ಎರಡೇ ಖೋಲಿಯ ಮನೆ.

ಸಿಮ್ಯುಲೇಟರಿನಲ್ಲಿ ಸರ್ಕಿಟ್ಟು ಹೂವೆತ್ತಿದಂತೆ ಓಡಿತು. ಮೇಡಂ ಮುಖ್ಯವಾಗಿ ನೋಡುತ್ತಿದ್ದುದು ಒಂದನ್ನೇ: ನರವನ್ನು ತಟ್ಟಿದ ಮೇಲೆ ಅಲ್ಲಿ ಉಳಿಯುವ ಚೂರು ಚಾರ್ಜು ಪ್ರತಿ ಸಲವೂ ಪೂರ್ತಿ ಹರಿದುಹೋಗುತ್ತದೆಯೇ ಎಂದು. ಉಳಿದರೆ ಅದು ಸ್ವಲ್ಪ ಸ್ವಲ್ಪವಾಗಿ ನರವನ್ನು ಸುಡುತ್ತದೆ. ಪರದೆಯ ಮೇಲೆ ಚಾರ್ಜಿನ ಗೆರೆ ಪ್ರತಿ ಸಲವೂ ಸೊನ್ನೆಗೆ ಇಳಿಯಿತು. ಕಾರ್ಖಾನೆಯಿಂದ ಚಿಪ್ಪು ಬಂದಾಗ ಮೈಯೊಳಗಿನಂಥ ಉಪ್ಪುನೀರಿನ ಬಟ್ಟಲಲ್ಲಿಟ್ಟು ಅಳೆದೆವು. ಅಲ್ಲೂ ಸರಿಯಿತ್ತು. ನಕ್ಷೆಯನ್ನು ಇನ್ನೂ ಎರಡು ಊರಿನ ಗುಂಪುಗಳು ನೋಡಿ ಒಪ್ಪಿದವು. ಮೊದಲ ಬಿಲ್ಲೆಯನ್ನು ತಾನೇ ಹಾಕಿಸಿಕೊಳ್ಳುವೆನೆಂದು ಅಡಿವೆಪ್ಪಣ್ಣ ಬರೆದುಕೊಟ್ಟ. ಅವನ ಹಿಂದೆ ಕೊಪ್ಪಳದ ಮಾಸ್ತರರೂ ಹಾನಗಲ್ಲಿನ ಅಜ್ಜಿಯೂ ಕಾಯುತ್ತಿದ್ದರು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಗಾಯ ಮಾಯ್ದ ಮೇಲೆ ಬಿಲ್ಲೆಯನ್ನು ಚಾಲೂ ಮಾಡಿದ ಬೆಳಿಗ್ಗೆ ಡಾಕ್ಟರರು, “ಏನಾದರೂ ಹೇಳಿ, ನಿಮ್ಮ ಹೆಸರು ಹೇಳಿ ಸಾಕು” ಎಂದರು. ಅಡಿವೆಪ್ಪಣ್ಣ ಒಮ್ಮೆ ಗುಟುಕು ನುಂಗಿದ. ಆಮೇಲೆ ಇಡೀ ವಾರ್ಡು ತಿರುಗಿ ನೋಡುವಂತೆ, “ಪ್ರಯಾಣಿಕರ ಗಮನಕ್ಕೆ! ಕಸ್ತೂರಿ ಎಂಬ ಹೆಣ್ಣುಮಗಳು ಎಲ್ಲಿದ್ದರೂ ಅಳುವುದನ್ನು ನಿಲ್ಲಿಸತಕ್ಕದ್ದು” ಎಂದು ಕೂಗಿದ. ಕಸ್ತೂರಕ್ಕ ನಿಲ್ಲಿಸಲಿಲ್ಲ. ರೇಹಾನಾ ಮೇಡಂ ಕಾರಿಡಾರಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಅಷ್ಟು ಸಂತೋಷವನ್ನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಆ ಬೇಸಿಗೆಯೆಲ್ಲ ಅವನು ಮಾತಾಡಿದ. ಬೇಕಾದದ್ದು ಬೇಡವಾದದ್ದು ಎಲ್ಲ ಮಾತಾಡಿದ. ತರಕಾರಿಯವಳೊಡನೆ ಮಾತಾಡಿದ, ತಪ್ಪು ನಂಬರಿನಿಂದ ಬಂದ ಫೋನಿನವನ ಮನೆಮಠದ ಕ್ಷೇಮಸಮಾಚಾರ ಕೇಳಿದ. “ತುಸು ಬಾಯಿ ಮುಚ್ಚ್ರಿ, ಕಿವಿ ಹಾರ್ತಾವು” ಎಂದು ಕಸ್ತೂರಕ್ಕ ಬೈಯುವಳು; ಅವನು ನಿಜವಾಗಿ ಸುಮ್ಮನಾದರೆ ಗಾಬರಿಯಿಂದ ಹೊರಗೆ ಬಂದು ನೋಡುವಳು.

ಮಳೆಗಾಲ ಶುರುವಾಗುವ ಹೊತ್ತಿಗೆ ದನಿ ಒಡೆಯತೊಡಗಿತು. ಮೊದಲು ಸಾಲಿನ ಕೊನೆಯ ಅಕ್ಷರಗಳು ಹೋದವು. ನೆಗಡಿ ಎಂದುಕೊಂಡು ಕಷಾಯ ಕುಡಿದರು. ಆಮೇಲೆ ನಡುವಿನ ಅಕ್ಷರಗಳೂ ಹೋದವು. ಮೇಡಂ ಬಿಲ್ಲೆಯನ್ನು ಆರಿಸಲು ಹೇಳಿ, ಕಾಯುತ್ತಿದ್ದ ಇಬ್ಬರ ಆಪರೇಷನ್ನನ್ನೂ ನಿಲ್ಲಿಸಿದರು. ಹುಬ್ಬಳ್ಳಿಯ ಡಾಕ್ಟರರು ಗಂಟಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ನರ ಸುಟ್ಟಿತ್ತು. ಈ ಬಿಲ್ಲೆಯಲ್ಲ, ಇನ್ನಾವ ಬಿಲ್ಲೆ ಬಂದರೂ ಕೇಳಿಸಿಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ.

ಕಾರಣ ಹುಡುಕಲು ಮೇಡಂ ಕೂತರು. ಸಿಮ್ಯುಲೇಟರು ಈಗಲೂ ಎಲ್ಲ ಸರಿ ಎನ್ನುತ್ತಿತ್ತು. ಉಳಿದಿದ್ದ ಚಿಪ್ಪೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಚಾರ್ಜು ಹರಿದುಹೋಗಬೇಕಾದ ದಾರಿ ನರದ ತಂತಿಗೆ ಕೂಡಿಯೇ ಇರಲಿಲ್ಲ. ಬಟ್ಟಲಲ್ಲಿ ಅಳೆದಾಗ ಸರಿ ಕಂಡದ್ದೇಕೆ? ಅಳೆಯಲು ನಾವು ಚುಚ್ಚಿದ್ದ ಮೀಟರಿನ ಸೂಜಿಮೊನೆಯ ಮೂಲಕವೇ ಚಾರ್ಜು ಹರಿದುಹೋಗಿತ್ತು. ಅಳೆದದ್ದರಿಂದಲೇ ಸರಿ ಕಂಡಿತ್ತು.

ಮೇಡಂ ನಕ್ಷೆಯನ್ನು ತೆರೆದು, ನರದ ತಂತಿಯ ಹೆಸರನ್ನು ಹುಡುಕು ಎಂದು ಕೊಟ್ಟರು. ಆ ಹೆಸರು ‘ಕಂಠ’. ಎಡಗಡೆಯ ತಂತಿಗಳೆಲ್ಲ ಹಳದಿಯಾಗಿ ಹೊಳೆದವು. ಬಲಗಡೆ, ಚಾರ್ಜು ಹರಿಯುವ ದಾರಿಯ ತಂತಿ ಕಪ್ಪಗೇ ಉಳಿಯಿತು. ಅದರ ಮೇಲೂ ‘ಕ೦ಠ’ ಎಂದೇ ಬರೆದಿತ್ತು.

“ಇದ್ಯಾಕ ಹೊಳೀಲಿಲ್ಲ?” ಎಂದರು ಮೇಡಂ. ಕರ್ಸರನ್ನು ಒಂದೊಂದೇ ಅಕ್ಷರ ಸರಿಸಿದರು. ಕ ದಾಟಿದರು. ಅಲ್ಲಿ ನಿಂತುಬಿಟ್ಟರು.

“ಕ-ಕ್ಕ ಸೊನ್ನಿ ಐತಲ್ರೀ ಮೇಡಂ” ಎಂದೆ.

“ಸೊನ್ನಿ ಐತಿ ಫಕೀರೇಶ. ಅಕ್ಷರದ ಸೊನ್ನಿ ಅಲ್ಲ ಇದು. ಲೆಕ್ಕದ ಸೊನ್ನಿ.”

ನಮ್ಮವರಿಗೆ ಈ ತಪ್ಪು ತೀರಾ ಸಹಜ. ಶಾಲೆಯಲ್ಲಿ ನಮಗೆ ಅನುಸ್ವಾರವನ್ನು ಕಲಿಸುವುದೇ ಸೊನ್ನೆ ಎಂದು. ಆಕಾರವೂ ಒಂದೇ, ಹೆಸರೂ ಒಂದೇ. ಛಾಪಖಾನೆಯ ಹಳೆಯ ಅಕ್ಷರಗಳಲ್ಲಿ ಯಾವುದನ್ನು ಒತ್ತಿದರೂ ಕಾಗದದ ಮೇಲೆ ಒಂದೇ ದುಂಡು ಬೀಳುತ್ತಿತ್ತು. ಲೆಕ್ಕದ ಸೊನ್ನೆಯ ಕೀಲಿ ಕೈಗೆ ಹತ್ತಿರವಿದ್ದರೆ ಬೆರಳು ಅಲ್ಲಿಗೇ ಹೋಗುತ್ತಿತ್ತು. ಅರ್ಧ ಗದಗಿನ ಲಗ್ನಗಳು ಲೆಕ್ಕದ ಸೊನ್ನೆಯ ಮೇಲೆಯೇ ಸುಸೂತ್ರವಾಗಿ ನಡೆದಿದ್ದವು. ಇಲ್ಲಿ, ಈ ಪುಟದಲ್ಲಿಯೂ, ಎರಡು ಕಂಠಗಳನ್ನು ನೀವು ಬೇರೆಬೇರೆ ಎಂದು ಗುರುತಿಸಿರಲಾರಿರಿ. ನಕ್ಷೆಯ ತಂತ್ರಾಂಶ ಗುರುತಿಸಿತು. ಎಡಗಡೆಯ ಹೆಸರನ್ನು ಮೊದಮೊದಲು ಮೇಡಂ ತಾವೇ ಬರೆದಿದ್ದರು, ಬಲಗಡೆಯದನ್ನು ಆಮೇಲೆ ಬಂದ ಕಸ್ತೂರಕ್ಕ. ಎರಡು ಬೇರೆ ಹೆಸರು ಎಂದುಕೊಂಡು ಅದು ಎರಡು ಬೇರೆ ತಂತಿಗಳನ್ನು ಕಾರ್ಖಾನೆಗೆ ಕಳಿಸಿತ್ತು.

“ಹಂಗಾದ್ರ ಸಿಮ್ಯುಲೇಟರ್ ಯಾಕ ಹಿಡೀಲಿಲ್ರೀ?” ಎಂದು ಕೇಳಿದೆ.

ಮೇಡಂ ಕನ್ನಡಕ ತೆಗೆದಿಟ್ಟರು. “ನಾನ ಹಿಡೀಗೊಡಲಿಲ್ಲ. ನಮ್ಮ ಮಂದಿ ಅಕ್ಷರದ ನಡುವ ಲೆಕ್ಕದ ಸೊನ್ನಿ ಹೊಡೀತಾರ ಅಂತ ನನಗ ಗೊತ್ತಿತ್ತು. ಅಷ್ಟಕ್ಕೆಲ್ಲ ಯಾಕ ತೊಂದ್ರಿ ಕೊಡೋದು ಅಂತ ಸೇತುವ್ಯಾಗ ಒಂದು ಸಾಲು ಬರದಿದ್ದೆ. ಅಂಥಾ ಸೊನ್ನಿ ಕಂಡ್ರ ಸುಮ್ಮನ ಅಕ್ಷರದ ಸೊನ್ನಿ ಮಾಡಿಕೋ ಅಂತ. ಸಿಮ್ಯುಲೇಟರಿಗೆ ಎರಡೂ ಒಂದ ಆಗಿ ಹೋತು. ಕಾರ್ಖಾನಿ ಕಡೆಗೆ ಹೋಗೋ ದಾರ್ಯಾಗ ಆ ಸಾಲು ಇರಲಿಲ್ಲ.”

ಒಂದು ತಂತ್ರಾಂಶ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಿತ್ತು, ಇನ್ನೊಂದು ಹಾಕಿಕೊಂಡಿರಲಿಲ್ಲ. ಎರಡೂ ಹಾಕಿಕೊಂಡಿದ್ದರೆ ಅಥವಾ ಎರಡೂ ಹಾಕಿಕೊಳ್ಳದಿದ್ದರೆ ಅಡಿವೆಪ್ಪಣ್ಣ ಈಗ ಕಟ್ಟೆಯ ಮೇಲೆ ಕೂತು ಹರಟುತ್ತಿರುತ್ತಿದ್ದ. ಬೈಯೋಣವೆಂದರೆ ಯಾರನ್ನು ಬೈಯುವುದು?

ವಿಷಯವನ್ನು ಮೊದಲು ಹೇಳಬೇಕಾದದ್ದು ಅವನಿಗೇ ಎಂದರು ಮೇಡಂ. ಕಸ್ತೂರಕ್ಕ ಸಂತೆಗೆ ಹೋದ ಹೊತ್ತಿನಲ್ಲಿ ಅವನನ್ನು ಛಾಪಖಾನೆಗೆ ಕರೆಸಿ, ನಕ್ಷೆ ತೋರಿಸಿ, ಎರಡು ಸೊನ್ನೆಗಳನ್ನೂ ತೋರಿಸಿ, ತಮ್ಮ ಸೇತುವೆಯ ಸಾಲನ್ನೂ ತೋರಿಸಿದರು. ಹೆಸರು ಟೈಪು ಮಾಡಿದವರು ಯಾರೆಂದು ಹೇಳಲಿಲ್ಲ. ಅಡಿವೆಪ್ಪಣ್ಣ ಬಲಗಡೆಯ ತಂತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಫೋನಿನಲ್ಲಿ ಬರೆದು ಮೇಡಂ ಕಡೆ ಹಿಡಿದ.

‘ಯಾರು ಟೈಪ್ ಮಾಡಿದ್ದು ಅಂತ ನಾ ಕೇಳಂಗಿಲ್ಲ. ನೀವೂ ಹೇಳಬ್ಯಾಡ್ರಿ. ಅಕಿಗಂತೂ ಬ್ಯಾಡ.’

“ಅಣ್ಣಾರ, ಇದನ್ನ ಮುಚ್ಚಿಡಾಕ ಬರಂಗಿಲ್ಲ” ಎಂದರು ಮೇಡಂ. “ಈ ಸೇತುವಿ ಎಲ್ಲೆಲ್ಲೋ ಹೋಗೇತಿ. ಬ್ಯಾರೆಯವ್ರು ತಮ್ಮ ನಕ್ಷಿ ಹುಡುಕಿ ನೋಡ್ಕೋಬೇಕಂದ್ರ ಸೊನ್ನಿ ಸಂಗತಿ ಬರೀಲೇಬೇಕು. ಇಲ್ಲಂದ್ರ ಇನ್ನೊಬ್ರ ಗಂಟಲು ಹೋಗತೈತಿ.”

‘ಬರೀರಿ. ಸೇತುವಿದು ತಪ್ಪು ಅಂತ ಬರೀರಿ.’

“ಅದು ನನ್ನ ತಪ್ಪ ಐತಿ. ಸುಳ್ಳೇನಲ್ಲ” ಎಂದ ಮೇಡಂ ಅವನ ಎರಡೂ ಕೈ ಹಿಡಿದುಕೊಂಡು ಅತ್ತರು. ಅಡಿವೆಪ್ಪಣ್ಣನ ತುಟಿ ಆಡಿತು. ಸಮಾಧಾನ ಹೇಳುತ್ತಿದ್ದನೋ, ಬೈಯುತ್ತಿದ್ದನೋ ನನಗೆ ತಿಳಿಯಲಿಲ್ಲ.

ಸೂಚನೆ ಹೊರಟಿತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ರೇಹಾನಾ ಕಿಲ್ಲೇದಾರ ಎಂಬ ಒಂದು ಹೆಸರು ಬಿಟ್ಟು. ಆದರೆ ಕೆಲಸ ಮಾಡಿದ ಎಲ್ಲರಿಗೂ ಹೋಗುವ ಸೂಚನೆ ಕಸ್ತೂರಕ್ಕನಿಗೂ ಹೋಗಲೇಬೇಕಿತ್ತು. ನಾವು ಅದನ್ನು ತಡೆಯಬಹುದಿತ್ತೇನೋ. ಮೇಡಂ ಬೇಡವೆಂದರು, ಒಮ್ಮೆ ತಪ್ಪನ್ನು ಮೆಲ್ಲಗೆ ಮುಚ್ಚಿದ್ದು ಸಾಕು ಎಂದರು.

ಮರುದಿನ ಮಧ್ಯಾಹ್ನ ಕಸ್ತೂರಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಫಕೀರೇಶ, ಕಂಠ ಅಂತ ಬರೀಬೇಕಂದ್ರ ನೀ ಸೊನ್ನಿ ಯಾವುದು ಒತ್ತತಿ?”

ನಾನು ಸುಳ್ಳು ಹುಡುಕಿದೆ, ಸಿಗಲಿಲ್ಲ. ಅಕ್ಷರದ ಸೊನ್ನೆಯ ಕೀಲಿಯನ್ನು ತೋರಿಸಿದೆ.

“ನಾ ಇದನ್ನ ಒತ್ತೀನಿ” ಎಂದು ಅವಳು ಲೆಕ್ಕದ ಸೊನ್ನೆಯ ಮೇಲೆ ಬೆರಳಿಟ್ಟಳು. ಮೊದಲ ಸಲ ಅವಳು ಕೀಲಿಮಣೆಯನ್ನು ನೋಡಿ ಒತ್ತಿದಳು. ಪರದೆಯ ಮೇಲೆ ದುಂಡಗೆ ಒಂದು ಸೊನ್ನೆ ಮೂಡಿತು. “ಎಲ್ಲಾ ಕಡೆ ಇದನ್ನ ಒತ್ತೀನಿ.”

“ಅಕ್ಕಾ, ಸೇತುವ್ಯಾಗ ತಪ್ಪಿತ್ತು. ಮೇಡಂ ಅವರ...”

“ಓದೀನಿ” ಎಂದು ಚಪ್ಪಲಿ ಮೆಟ್ಟಿ ಹೊರಟಳು. ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾನೂ ಹಿಂದೆಯೇ ನಡೆದೆ.

ಅಡಿವೆಪ್ಪಣ್ಣ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಅವಳು ಅವನ ಎದುರಿಗೆ ನೆಲದ ಮೇಲೆ ಕೂತಳು. ನಾನು ಬಾಗಿಲಲ್ಲೇ ನಿಂತೆ.

“ಏನ್ರೀ, ಆ ಸೊನ್ನಿ ನಾ ಹೊಡದದ್ದು ಅಂತ ನಿಮಗ ಗೊತ್ತಿತ್ತೇನು?”

ಅವನು ಇಲ್ಲವೆಂದು ತಲೆಯಾಡಿಸಿದ. ಫೋನಿಗೆ ಕೈ ಚಾಚಿದ. ಅವಳು ಅದನ್ನು ದೂರ ಸರಿಸಿದಳು.

“ಬರೀಬ್ಯಾಡ್ರಿ. ಬರದದ್ದು ನಾ ನಂಬಂಗಿಲ್ಲ. ಬಾಯಿಲೆ ಹೇಳ್ರಿ.”

ಅವನು ಬಾಯಿ ತೆರೆದ. ‘ಇಲ್ಲ’ ಎಂಬ ಆಕಾರ ತುಟಿಯ ಮೇಲೆ ಬಂತು. ಉಸಿರಿನ ಸಪ್ಪಳ ಬಿಟ್ಟರೆ ಬೇರೇನೂ ಬರಲಿಲ್ಲ.

“ನೀವು ಸುಳ್ಳು ಹೇಳಿದಾಗ ದನಿ ಒಂಚೂರು ಮ್ಯಾಲ ಏರತಿತ್ತು” ಎಂದಳು ಕಸ್ತೂರಕ್ಕ. “ಲಗ್ನಾದ ವರ್ಷದಿಂದ ನಾ ಅದರಿಂದನ ಹಿಡೀತಿದ್ದೆ, ನಿಮಗ ಹೇಳಿರಲಿಲ್ಲ. ಈಗ ಹೆಂಗ ಹಿಡೀಲಿ ಹೇಳ್ರಿ?”

ಅವಳು ಕೈ ನೀಡಿ ಅಂಗೈಯನ್ನು ಅವನ ಗಂಟಲಿನ ಮೇಲಿಟ್ಟಳು. “ಇನ್ನೊಮ್ಮೆ ಹೇಳ್ರಿ” ಎಂದಳು. ಅವನು ಇನ್ನೊಮ್ಮೆ ಹೇಳಿದ. ಅವಳು ಕಣ್ಣು ಮುಚ್ಚಿ, ಕೈ ತೆಗೆಯದೆ, ಹಾಗೇ ಕಾಯುತ್ತ ಕೂತಳು.